ಒಂದೇ ಒಂದು ಹುಳ

ಗೋವಾದ ವಾಳಪೈ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡ ಧಾರವಾಡದ ಮನುಷ್ಯ ಐವತ್ತೆರಡನೆಯ ವಯಸ್ಸಿನಲ್ಲಿ ಸರೀಸೃಪ ತಜ್ಞನಾಗಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ಆದ್ದರಿಂದ ನಾನು ಒಂದು ಚಿತ್ರಪುಸ್ತಕ, ಮೊಣಕಾಲುದ್ದದ ರಬ್ಬರ್ ಬೂಟು ಕೊಂಡು, ಭಾನುವಾರ ಕಾಡಿಗೆ ಹೋಗುವ ತಂಡವೊಂದನ್ನು ಸೇರಿದೆ. ಹಿಡಿಯುವಂತಿಲ್ಲ, ಮುಟ್ಟುವಂತಿಲ್ಲ. ಹಾವು, ಹಲ್ಲಿ, ಓತಿಕ್ಯಾತ ಏನು ಕಂಡರೂ ದೂರದಿಂದ ಫೋಟೊ ತೆಗೆಯಬೇಕು. ಸುಲಭದ ಕೆಲಸ! ಕಾಣಬೇಕು, ಅಷ್ಟೇ.

ಮೊದಲ ಎರಡು ಭಾನುವಾರ ಸಿಕ್ಕಿದ್ದು ಜಿಗಣೆ. ಅದೂ ನಾನು ಹುಡುಕಿದ್ದಲ್ಲ, ಅದೇ ನನ್ನನ್ನು ಹುಡುಕಿಕೊಂಡು ಬಂದದ್ದು. ಮೂರನೆಯ ಭಾನುವಾರ ಹೊರಟಾಗ ಹೆಂಡತಿ ಗಿರಿಜಾ ಅಂಗಡಿಯ ಬಾಗಿಲಲ್ಲಿ ಅಡ್ಡ ನಿಂತಳು.

“ಇವತ್ತೂ ಬರಿಗೈಲೆ ಬಂದ್ರ ಆ ಬೂಟು ನನಗ ಕೊಡ್ರಿ. ಮಳ್ಯಾಗ ಹಿತ್ತಲಕ್ಕ ಹೋಗಾಕ ಚಲೋ ಆಗ್ತಾವ.”

“ಇವತ್ತು ಫೋಟೊ ತರಲಿಲ್ಲಂದ್ರ ಈ ಹುಚ್ಚು ಬಿಟ್ಟ ಬಿಡ್ತೇನಿ!” ಎಂದು ಶಪಥ ಮಾಡಿ ಹೊರಟೆ.

ಕಾಡಿನ ಅಂಚಿನಲ್ಲೇ ಎಲೆಗಳ ನಡುವೆ ಕಪ್ಪಗೆ ಸುರುಳಿ ಸುತ್ತಿದ್ದು ಕಂಡಿತು. ಕೈ ಎತ್ತಿ ತಂಡದ ಎಂಟೂ ಜನರನ್ನು ನಿಲ್ಲಿಸಿ, ಹೆಬ್ಬಾವು ಎಂದು ಪಿಸುಗುಟ್ಟಿದೆ. ಎಲ್ಲರೂ ಉಸಿರು ಬಿಗಿಹಿಡಿದರು. ತಂಡದ ಮುಂದಾಳು ಮಾಸ್ತರರು ದುರ್ಬೀನು ಹಚ್ಚಿ ನೋಡಿ, “ಅರೇ, ಹೆಂ ಸ್ಕೂಟರಾಚೆಂ ಟ್ಯೂಬ್!” ಎಂದು ಕೊಂಕಣಿಯಲ್ಲಿ ಹೇಳಿದರು. ಸ್ಕೂಟರಿನ ಟ್ಯೂಬು! ಅವರಿಗೆ ಗಾಳಿ ತುಂಬುವ ವಾಲ್ವು ಕೂಡ ಕಾಣುತ್ತಿತ್ತಂತೆ.

ಆಮೇಲೆ ದೇವರು ಕಣ್ಣುಬಿಟ್ಟ. ಮರದ ಕಾಂಡದ ಮೇಲೆ ಹಾರುವ ಓತಿ! ಈ ಸಲ ಯಾರಿಗೂ ಹೇಳಲಿಲ್ಲ. ಮೊಬೈಲ್ ಎತ್ತಿದೆ, ಬೆರಳು ಇಟ್ಟೆ. ಅಷ್ಟರಲ್ಲಿ ಮೊಬೈಲ್ ಗಂಟಲು ಹರಿಯುವಂತೆ ಕೂಗಿಕೊಂಡಿತು. ಓತಿ ಹಾರಿಹೋಯಿತು. ಪರದೆಯ ಮೇಲೆ ಗಿರಿಜಾ.

“ರೀ, ರವಾದ ಚೀಲದ ಮ್ಯಾಲೆ ಹುಳ ಬಂದೈತ್ರಿ!”

“ಎಷ್ಟು ಅದಾವ?”

“ಒಂದ ಐತ್ರಿ.”

“ಒಂದು ಹುಳಕ್ಕ ಫೋನ್ ಮಾಡ್ತಿಯೇನ? ಜರಡಿ ಹಿಡಿ!”

“ಜರಡ್ಯಾಗ ಹ್ಯಾಂಗ ಹಿಡಸ್ತೈತ್ರಿ?”

“ಹಂಗಾರ ಬಿಸಲಿಗೆ ಹರವು. ನಾ ಇಲ್ಲಿ ದೊಡ್ಡ ಕೆಲಸದಾಗ ಅದೇನಿ!” ಎಂದು ಫೋನ್ ಇಟ್ಟೆ.

ಸಂಜೆ ಬರಿಗೈಯಲ್ಲಿ ಬಂದರೆ ಅಂಗಡಿಯ ಮುಂದೆ ಜಾತ್ರೆಯಷ್ಟು ಜನ. ಪಕ್ಕದ ಟೇಲರ್ ಶಾಂತಾಬಾಯಿ ಹುಳದ ಉದ್ದ ಹೇಳಲು ಎರಡೂ ಕೈ ಅಗಲಿಸಿ, ಸಾಲದೆ ಬೀದಿಯ ಆ ಕಡೆಯವರೆಗೂ ತೋರಿಸಿದಳು. ಆಗ ನೆನಪಾಯಿತು. ನಮ್ಮ ಕಡೆ ಮನೆಗೆ ಬಂದ ಹಾವನ್ನು ಯಾರೂ ಹಾವು ಎಂದು ಹೆಸರು ಹಿಡಿಯುವುದಿಲ್ಲ, ಹುಳ ಅನ್ನುತ್ತಾರೆ! ನನ್ನ ಅವ್ವನೂ ಹಾಗೇ ಅನ್ನುತ್ತಿದ್ದಳು. ಆದರೆ ತಜ್ಞನ ತಲೆಯಲ್ಲಿ ಪುಸ್ತಕದ ಹೆಸರುಗಳೇ ತುಂಬಿದ್ದವು.

“ಎಲ್ಲೈತಿ ಈಗ?” ಎಂದು ಗಿರಿಜಾಳನ್ನು ಕೇಳಿದೆ.

“ಹಿಂದಿನ ಬಾಗಲಾ ತಗದು ಒಂದು ತಾಸು ಸುಮ್ಮ ಕುಂತೇನ್ರಿ. ತಾನ ಹ್ವಾತು. ನೀವು ಹೇಳಿದಾಂಗ ಜರಡಿ ಮಾತ್ರ ಕೈಯಾಗ ಹಿಡಕೊಂಡಿದ್ದೆ.”

ಫೋಟೊ ತೋರಿಸಿದಳು. ರವೆಯ ಚೀಲದ ಮೇಲೆ ಆರಡಿ ಕೇರೆ ಹಾವು, ಹೆಡೆ ಇಲ್ಲದಿದ್ದರೂ ಮಹಾರಾಜನ ಗತ್ತು. ಕೂದಲು ಕೂದಲೂ ಎಣಿಸುವಷ್ಟು ಸ್ಪಷ್ಟ ಎನ್ನೋಣವೆಂದರೆ ಹಾವಿಗೆ ಕೂದಲಿಲ್ಲ! ನನಗೆ ನಾಚಿಕೆಯಾಯಿತು. ಅದಕ್ಕಿಂತ ಮೊದಲು ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಫೋಟೊ ನೋಡಿದ ಮಾಸ್ತರರು ಒಂದೇ ಪ್ರಶ್ನೆ ಕೇಳಿದರು: “ಯಾರು ತೆಗೆದದ್ದು?” ಬೂಟು ಅವತ್ತೇ ಕೈಬಿಟ್ಟಿತು. ಈಗ ಭಾನುವಾರ ಬಂದರೆ ಗಿರಿಜಾ ಬೂಟಿನ ತುದಿಗೆ ಹಳೇ ಬಟ್ಟೆ ತುರುಕಿ ಕಾಡಿಗೆ ಹೋಗುತ್ತಾಳೆ. ಅಂಗಡಿ ನನ್ನ ಪಾಲಿಗೆ.

ಹೋದ ವಾರ ರವೆಯಲ್ಲಿ ಏನೋ ಅಲುಗಿತು. ನಿಯಮದಂತೆ ಮುಟ್ಟದೆ, ದೂರದಿಂದ ಫೋಟೊ ತೆಗೆದು ಅವಳಿಗೆ ಕಳಿಸಿದೆ.

ಕಾಡಿನಿಂದ ಉತ್ತರ ಬಂತು: “ಜರಡಿ ಹಿಡೀರಿ.”