ಅತ್ತೆಯ ಚೀಲದ ಸ್ಟೀಲ್ ತಾಟು

ನಮ್ಮತ್ತೆಗೆ ಮನುಷ್ಯರ ಮೇಲೆ ನಂಬಿಕೆಯೇ ಇಲ್ಲ ಎಂದು ನಮ್ಮ ಬಳಗದವರೆಲ್ಲ ಹೇಳುತ್ತಾರೆ. ಶುದ್ಧ ಅಪಪ್ರಚಾರ. ಅತ್ತೆ ಮನುಷ್ಯರನ್ನು ಖಂಡಿತ ನಂಬುತ್ತಾಳೆ. ಮೊದಲು ಅವರ ಮನೆಗೆ ಹೋಗಿ, ಅವರು ಕೊಟ್ಟ ಚಹಾ ಕುಡಿದು, ಅವರ ನಡುಮನೆಯಲ್ಲಿ ಒಂದು ಸ್ಟೀಲ್ ತಾಟನ್ನು ಢಣಾರ್ ಎಂದು ನೆಲಕ್ಕೆ ಬೀಳಿಸಿ ನೋಡಬೇಕು, ಅಷ್ಟೇ!

ಅತ್ತೆ ಎಂದರೆ ಅಪ್ಪನ ಅಕ್ಕ. ಪುಣೆಯಲ್ಲಿ ಒಬ್ಬಳೇ ಇದ್ದಾಳೆ. ಒಬ್ಬಳೇ ಅಂದರೆ, ಡಾಬರ್‌ಮನ್ ನಾಯಿಗಳ ಜೊತೆ. ಸಾಕಿದವರಿಗೆ ಬೇಡವಾದ ಡಾಬರ್‌ಮನ್‌ಗಳನ್ನು ತಂದಿಟ್ಟುಕೊಂಡು, ಮೈ ತುಂಬಿಸಿ, ಬೇರೆ ಮನೆ ಹುಡುಕಿ ಕೊಡುವುದು ಅವಳ ಉದ್ಯೋಗ. ಡಾಬರ್‌ಮನ್ ಮಾತ್ರ. ಲ್ಯಾಬ್ರಡಾರ್ ಬಗ್ಗೆ ಯಾರಾದರೂ ಫೋನ್ ಮಾಡಿದರೆ 'ರಾಂಗ್ ನಂಬರ್' ಎಂದು ಇಟ್ಟುಬಿಡುತ್ತಾಳೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ವಾದದ ಬುಡ ಅಲ್ಲಾಡಿಸಿ ರೂಢಿಯಾದ ನಾನು ಇದನ್ನು ಸುಮ್ಮನೆ ನೋಡುತ್ತ ಕೂರುವುದುಂಟೆ? ಕೆಲಸ ಸಿಕ್ಕಿ ಪುಣೆಗೆ ಬಂದು, ಅವಳ ಮನೆಯಲ್ಲೇ ಚೀಲ ಇಳಿಸಿದ ವಾರವೇ ಶುರು ಮಾಡಿದೆ.

"ಅತ್ತಿ, ಬೀದಿ ತುಂಬ ನಾಯಿ ಬಿದ್ದಾವ. ನೀ ನೋಡಿದ್ರ ಜಾತಿ ಕೇಳಿ ಉದ್ಧಾರ ಮಾಡ್ತಿ. ಇದು ಯಾವ ನ್ಯಾಯ?"

"ಹಲ್ಲಿನ ಡಾಕ್ಟರ್ ಕಡೆ ಹೋಗಿ, ನನ್ನ ಮೊಳಕಾಲು ಯಾಕ ನೋಡೂದಿಲ್ಲ ಅಂತ ಜಗಳಾ ತಗೀತಿಯೇನು, ವಕೀಲಬಾಯಿ?"

ನಾನು ವಕೀಲಳಲ್ಲ. ಆದರೂ ಆ ಸುತ್ತು ಅವಳ ಪಾಲಾಯಿತು. ನಾನು ಬಿಡಲಿಲ್ಲ. "ಸರಿ, ಆದ್ರ ಡಾಬರ್‌ಮನ್ನೇ ಯಾಕ?"

"ಅದನ್ನ ನೋಡಿದವರೆಲ್ಲಾ ಹೆದರ್ತಾರ. ಅದಕ್ಕೂ ಹೆದರಿಕಿ ಇರ್ತದ ಅಂತ ಒಬ್ಬರಿಗೂ ಹೊಳಿಯೂದಿಲ್ಲ."

ನಾಯಿ ಬಿಡಲು ಬರುವವರ ಕಾರಣಗಳನ್ನು ಕೇಳಬೇಕು. ಮುಂಬೈಗೆ ವರ್ಗ, ಮಗುವಿಗೆ ಅಲರ್ಜಿ, ಸೊಸೈಟಿಯವರ ತಕರಾರು. ಅತ್ತೆ ಯಾವುದನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೇಳುವುದು ಒಂದೇ: "ಇದನ್ನ ಬೈಯೂದು ಯಾವ ಭಾಷಾದಾಗ್ರಿ?" ಅವರು, ಛೇ, ನಾವು ಬೈಯುವುದೇ ಇಲ್ಲ ಎಂದು ಎದೆ ಮುಟ್ಟಿಕೊಳ್ಳುತ್ತಾರೆ. "ಅದು ಗೊತ್ತಾತು. ಮರಾಠ್ಯಾಗೋ, ಹಿಂದ್ಯಾಗೋ, ಅಷ್ಟ ಹೇಳ್ರಿ." ಬೈಗುಳ ತಿಂದ ಭಾಷೆಯಲ್ಲಿ ನಾಯಿಯನ್ನು ಊಟಕ್ಕೆ ಕರೆಯಬಾರದು ಎಂಬುದು ಅವಳ ಸಿದ್ಧಾಂತ. ಹೀಗಾಗಿ ಪುಣೆಯ ಎಷ್ಟೋ ಡಾಬರ್‌ಮನ್‌ಗಳಿಗೆ ಇವತ್ತು ಧಾರವಾಡದ ಕನ್ನಡ ಬರುತ್ತದೆ. ನಮ್ಮ ಬಳಗದ ಮಕ್ಕಳಿಗೆ ಬರುವುದಿಲ್ಲ.

ಇನ್ನು ತಾಟು. ನಾಯಿ ಬೇಕೆಂದವರ ಮನೆಗೆ ನಾಯಿಯ ಸಮೇತ ಹೋಗಿ, ಮಾತು ರಂಗೇರಿದಾಗ ಚೀಲದಿಂದ ತಾಟು ತೆಗೆದು ಕೈಬಿಡುತ್ತಾಳೆ. ಆಮೇಲೆ ನಾಯಿಯ ಕಡೆ ನೋಡುವುದೇ ಇಲ್ಲ. ಮನೆಯವರ ಮುಖ ನೋಡುತ್ತಾಳೆ. ಒಂದು ಭಾರಿ ಬಂಗಲೆಯಲ್ಲಿ ಯಜಮಾನರು ಸದ್ದು ಕೇಳಿದ್ದೇ ತಡ, ಅಡುಗೆಮನೆಯ ಕಡೆ ತಿರುಗಿ ಕೆಲಸದವಳ ಮೇಲೆ ಹಾರಾಡಿದರು. ಆಕೆ ಅಂದು ರಜೆಯಲ್ಲಿದ್ದಳು! ಅತ್ತೆ ಅರ್ಧ ಚಹಾ ಬಿಟ್ಟು ಎದ್ದಳು.

"ಕಾರಣ ಹೇಳದ ತೀರ್ಪು ಕೊಡೂದು ಸರ್ವಾಧಿಕಾರ," ಎಂದೆ ನಾನು ಮೆಟ್ಟಿಲಲ್ಲಿ.

"ಹೌದು. ನಡಿ."

ಆ ಸರ್ವಾಧಿಕಾರವೂ ಒಮ್ಮೆ ಕೈಕೊಟ್ಟಿತು. ವಾಘ್ಯಾನ ವಿಷಯದಲ್ಲಿ. ವಾಘ್ಯಾ ಅಂದರೆ ಮರಾಠಿಯಲ್ಲಿ ಹುಲಿಯಂಥವನು. ಮಾರ್ಕೆಟ್ ಯಾರ್ಡಿನ ಒಂದು ಉಳ್ಳಾಗಡ್ಡಿ ಗೋಡೌನಿನಲ್ಲಿ ಸರಪಳಿಯ ತುದಿಗೆ ಬೆಳೆದ ಈ ಹುಲಿ ಚಮಚ ಬಿದ್ದರೂ ಮಂಚದ ಕೆಳಗೆ ಸೇರುತ್ತಿತ್ತು. ಪುಣೆ ಹತ್ತಿರದ ಶಿರೂರಿನ ತೋಟದ ಮನೆಯವರೊಬ್ಬರು ಕೇಳಿದರು. ಅತ್ತೆ ಹೋದಳು, ತಾಟು ಬೀಳಿಸಿದಳು, ಎಲ್ಲರೂ ನಗುತ್ತಲೇ ಇದ್ದರು, ಪಾಸು ಮಾಡಿ ಬಂದಳು. ಆದರೆ ತಾಟು ಬಿದ್ದದ್ದು ಅಂಗಳದ ಮೆತ್ತನೆ ಮಣ್ಣಿನ ಮೇಲೆ. ಸದ್ದೇ ಆಗಿರಲಿಲ್ಲ! ಕೆಲವೇ ದಿನಗಳಲ್ಲಿ ವಾಘ್ಯಾ ವಾಪಸು ಬಂತು, ಬೆನ್ನ ಮೇಲೆ ಬಾಸುಂಡೆ ಹೊತ್ತುಕೊಂಡು. ಅಂದು ಅತ್ತೆ ಊಟ ಮಾಡಲಿಲ್ಲ. ನಾನೂ ವಾದ ಮಾಡಲಿಲ್ಲ.

ಅಷ್ಟರಲ್ಲಿ, ವಾಘ್ಯಾನನ್ನು ಬಿಟ್ಟುಹೋಗಿದ್ದ ಗೋಡೌನಿನ ಸೇಠನ ಫೋನು. ಕಳ್ಳರ ಕಾಟ ಶುರುವಾಗಿದೆಯಂತೆ. "ಸೋಮವಾರದೊಳಗೆ ಅದಕ್ಕೆ ಬೇರೆ ಮನೆ ಸಿಕ್ಕರೆ ಬಿಟ್ಟುಕೊಟ್ಟೆ ಎಂದು ಸಹಿ ಹಾಕಿ ಕೊಡುತ್ತೇನೆ. ಇಲ್ಲದಿದ್ದರೆ ಟೆಂಪೊ ಕಳಿಸಿ ನನ್ನ ನಾಯಿ ಒಯ್ಯುತ್ತೇನೆ." ಅತ್ತೆ ಅವನಿಂದ ಒಂದು ಗೀಟೂ ಬರೆಸಿಕೊಂಡಿರಲಿಲ್ಲ. ಊರವರ ಮನೆಯಲ್ಲೆಲ್ಲ ತಾಟು ಬೀಳಿಸಿದವಳು ಇವನಿಂದ ಸಹಿ ಪಡೆಯುವುದನ್ನೇ ಮರೆತಿದ್ದಳು.

ಉಳಿದದ್ದು ಒಂದೇ ಮನೆ. ಮಗರಪಟ್ಟಾದಲ್ಲಿ ಮೈಸೂರಿನ ಕಡೆಯವರು: ಗಂಡ, ಹೆಂಡತಿ, ಗಂಡನ ತಾಯಿ. ಭಾನುವಾರ ರಿಕ್ಷಾದಲ್ಲಿ ನಮ್ಮಿಬ್ಬರ ನಡುವೆ ವಾಘ್ಯಾ ಕೂತಿತ್ತು. ಡ್ರೈವರ್ ದಾರಿಯುದ್ದಕ್ಕೂ ಒಮ್ಮೆಯೂ ಹಿಂತಿರುಗಲಿಲ್ಲ.

"ಅತ್ತಿ, ಇವತ್ತೊಂದಿನ ತಾಟು ಬ್ಯಾಡ," ಎಂದೆ. "ಇದು ಹೆದರಿ ಹಲ್ಲು ತೋರಿಸ್ತು ಅಂದ್ರ ಅವರು ಬ್ಯಾಡ ಅಂತಾರ. ನಾಳೆ ಟೆಂಪೊ."

"ಸುಳ್ಳು ಹೇಳಿ ಕೊಟ್ರ ಮತ್ತ ಶಿರೂರು."

ನಾನು ವಾಘ್ಯಾನ ಕೊರಳಪಟ್ಟಿ ಹಿಡಿದು ಕೂತೆ.

ಹೊಳೆಯುವ ಟೈಲ್ಸಿನ ಮನೆ. ಸೂಜಿ ಬಿದ್ದರೂ ಕೇಳಿಸುವಂಥದು. ಗಂಡ ತನ್ನ ಆಫೀಸಿನ ವೇಳೆ ವಿವರಿಸುತ್ತಿದ್ದ. ವಾಘ್ಯಾ ಅತ್ತೆಯ ಕಾಲಿಗೆ ಆತುಕೊಂಡಿತ್ತು. ಅತ್ತೆಯ ಕೈ ಮೆಲ್ಲಗೆ ಚೀಲದೊಳಗೆ ಇಳಿಯಿತು.

ಢಣಾರ್!

ಬಿದ್ದದ್ದು ಅತ್ತೆಯ ತಾಟಲ್ಲ. ಒಳಗಿನಿಂದ ಉಪ್ಪಿಟ್ಟು ತರುತ್ತಿದ್ದ ಅಜ್ಜಿಯ ಕೈಯಿಂದ ಟ್ರೇ, ತಟ್ಟೆ, ಚಮಚ ಎಲ್ಲ ಒಟ್ಟಿಗೆ. ವಾಘ್ಯಾ ಊಟದ ಮೇಜಿನ ಕೆಳಗೆ ನುಗ್ಗಿ, ಅಲ್ಲೇ ಉಚ್ಚೆ ಹೊಯ್ದುಕೊಂಡು, ಹಲ್ಲು ಕಿರಿದು ಗುರುಗುಟ್ಟತೊಡಗಿತು. ನನ್ನ ಕಣ್ಣು ಅದರ ಮೇಲೇ ಇತ್ತು. ಮುಗಿಯಿತು, ನಾಳೆ ಟೆಂಪೊ ಎಂದುಕೊಂಡೆ.

ಗಂಡ ತಿರುಗಿ, "ಅಮ್ಮ, ಬಾಣಲೆಯಲ್ಲಿ ಇನ್ನೂ ಇದೆ ತಾನೆ?" ಎಂದ. ಹೆಂಡತಿ ಬಟ್ಟೆ ತಂದು ಒರೆಸುತ್ತ ಅಜ್ಜಿಗೆ, "ಬಿಡಿ ಅತ್ತೆ, ಏನೂ ಆಗಿಲ್ಲ," ಎಂದಳು.

ಅಜ್ಜಿ ಗೋಡೆ ಹಿಡಿದು, ಮೇಜಿನಿಂದ ಒಂದು ಮಾರು ದೂರದಲ್ಲಿ ನೆಲಕ್ಕೆ ಕೂತರು. ಎರಡೂ ಕೈ ನಡುಗುತ್ತಿದ್ದವು. ಅದು ಹೆದರಿಕೆಯ ನಡುಕವಲ್ಲ, ಕಾಯಿಲೆಯದು. ನಾಯಿಯನ್ನು ನೋಡದೆ ಗೋಡೆಗೆ ಹೇಳಿದಂತೆ ಹೇಳಿದರು: "ಬೆಚ್ಚಿಬಿದ್ಯೇನೋ, ಮರಿ? ಈ ಕೈ ದಿನಾ ಏನಾದರೊಂದು ಬೀಳಿಸ್ತಾನೇ ಇರುತ್ತೆ ಕಣೋ. ಬಾ."

ಕನ್ನಡ. ವಾಘ್ಯಾ ಅತ್ತೆಯ ಕೈಯಲ್ಲಿ ಅನ್ನ ತಿಂದ ಭಾಷೆ. ಗುರುಗುಟ್ಟುವುದು ನಿಂತಿತು. ಬಹಳ ಹೊತ್ತಿನ ಮೇಲೆ ಮೂತಿ ಹೊರಗೆ ಬಂತು. ಆಮೇಲೆ ನೆಲದ ಮೇಲೆ ಉಳಿದ ಉಪ್ಪಿಟ್ಟನ್ನು ಹುಡುಕಿ ಹುಡುಕಿ ನೆಕ್ಕುತ್ತ ಅಜ್ಜಿಯ ಮಂಡಿಯ ತನಕ ಬಂದು ನಿಂತಿತು. ಅತ್ತೆ ಚೀಲದಿಂದ ತಾಟು ತೆಗೆದಳು. ಒಂದಿಷ್ಟೂ ಸದ್ದಾಗದಂತೆ ನೆಲದ ಮೇಲಿಟ್ಟು, "ಇವಗ ಇದರಾಗ ಊಟಕ್ಕ ಹಾಕ್ರಿ," ಎಂದಳು. ಅಲ್ಲೇ ನಿಂತು ಸೇಠನಿಗೆ ಫೋನ್ ಹಚ್ಚಿ, ಮನೆ ಸಿಕ್ಕಿದೆ, ಸಹಿಗೆ ನಾಳೆ ಬರುತ್ತೇವೆ, ಟೆಂಪೊದಲ್ಲಿ ಉಳ್ಳಾಗಡ್ಡಿ ತುಂಬಿಸು ಎಂದು ಮರಾಠಿಯಲ್ಲಿ ಹೇಳಿದಳು.

ವಾಪಸು ಬರುವಾಗ ರಿಕ್ಷಾದಲ್ಲಿ ಜಾಗ ಬೇಕಾದಷ್ಟಿತ್ತು. ನನ್ನ ನಾಲಿಗೆಯೂ ಬಿಚ್ಚಿಕೊಂಡಿತು.

"ಅತ್ತಿ, ಅದು ದಿನಾ ಪಾತ್ರೆ ಬೀಳೋ ಮನಿ. ಸಪ್ಪಳಕ್ಕ ಹೆದರೋ ನಾಯಿಗೆ ಅದಕ್ಕಿಂತ ಕೆಟ್ಟ ಮನಿ ಸಿಗೂದಿಲ್ಲ. ಇದರಾಗ ತರ್ಕ ಎಲ್ಲದ?"

"ನಾಯಿ ಸಪ್ಪಳಕ್ಕ ಹೆದರೂದಿಲ್ಲ. ಸಪ್ಪಳ ಆದ ಮ್ಯಾಲ ಏನಾಗ್ತದ, ಅದಕ್ಕ ಹೆದರ್ತದ. ಆ ಮನ್ಯಾಗ ಆಮ್ಯಾಲ ಏನೂ ಆಗೂದಿಲ್ಲ."

ಇದಕ್ಕೆ ಪ್ರತಿವಾದ ಇರಲೇಬೇಕು ಎಂದು ಯೋಚಿಸುವಷ್ಟರಲ್ಲಿ ರಿಕ್ಷಾ ಗುಂಡಿಗೆ ಇಳಿಯಿತು. ನನ್ನ ತೊಡೆಯ ಮೇಲಿದ್ದ ಸ್ಟೀಲ್ ನೀರಿನ ಬಾಟಲಿ ಕೆಳಗಿನ ತಗಡಿಗೆ ಬಡಿದು ಖಣ್ ಎಂದಿತು.

ಅತ್ತೆಯ ಎರಡೂ ಕೈ ತಲೆಯ ಮೇಲೆ ಹೋದವು. ಕತ್ತು ಭುಜದೊಳಗೆ ಸೇರಿ, ಮೈ ಮುದುಡಿ ರಿಕ್ಷಾದ ಮೂಲೆಗೆ ಒತ್ತಿಕೊಂಡಿತು. ಕ್ಷಣಮಾತ್ರ. ತಕ್ಷಣ ಸೆರಗು ಸರಿ ಮಾಡಿಕೊಂಡು ಹೊರಗೆ ನೋಡತೊಡಗಿದಳು.

ನಾನು ಬೆಳಿಗ್ಗೆಯಿಂದ ನಾಯಿಯನ್ನೇ ನೋಡುತ್ತಿದ್ದೆ. ಟ್ರೇ ಬಿದ್ದಾಗ ಅತ್ತೆ ಏನು ಮಾಡಿದಳೋ ನೋಡಿಯೇ ಇರಲಿಲ್ಲ. ಮದುವೆಯಾದ ಹೊಸದರಲ್ಲೇ ಗಂಡನ ಮನೆ ಬಿಟ್ಟು ಅವಳು ಪುಣೆಗೆ ಬಂದದ್ದು ನಮಗೆಲ್ಲ ಗೊತ್ತು. ಯಾಕೆಂದು ಬಳಗದಲ್ಲಿ ಒಬ್ಬರೂ ಕೇಳಿಲ್ಲ. ಅವಳನ್ನು ಕಂಡರೆ ಎಲ್ಲರಿಗೂ ಹೆದರಿಕೆ.

ಬಾಟಲಿ ಎತ್ತಿಕೊಂಡೆ. ಅವಳ ಕೈ ಹಿಡಿದೆ.

"ಬಿಡತ್ತಿ," ಎಂದೆ. "ಏನೂ ಆಗಿಲ್ಲ."

ಅವಳು ಹೊರಗೇ ನೋಡುತ್ತಿದ್ದಳು. "ಬಾಟ್ಲಿ ಚೀಲದಾಗ ಇಡೂದು ಕಲಿ, ವಕೀಲಬಾಯಿ," ಎಂದಳು. ಕೈ ಮಾತ್ರ ಮನೆ ಬರುವ ತನಕ ಬಿಡಿಸಿಕೊಳ್ಳಲಿಲ್ಲ.