ಕವಚವಿಲ್ಲದ ಹನ್ನೆರಡು ಭಾನುವಾರ

"ಭಾನುವಾರ ಮಧ್ಯಾಹ್ನ ಅಕ್ಕನ ಮನೇಲಿ ಆಟ ಇದೆ. ಕತ್ತಿ ಕಾಳಗ, ಕಾಡು, ರಾಕ್ಷಸರು, ಎಲ್ಲಾ ಇರುತ್ತೆ. ನೀನೂ ಬಾ" ಎಂದು ಹೆಂಡತಿ ಕರೆದಾಗ, ಅದು ಓಡಾಡಿ ಆಡುವ ಆಟವೆಂದೇ ನಾನು ನಂಬಿದ್ದೆ. ಬೂಟು ಬಿಗಿದು, ಮೊಣಕಾಲಿಗೆ ಪಟ್ಟಿ ಸುತ್ತಿ, ಮೂರು ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಮೈ ಬಿಸಿ ಮಾಡಿಕೊಂಡೇ ಬಾಗಿಲು ತಟ್ಟಿದೆ. ಒಳಗೆ ಊಟದ ಮೇಜಿನ ಸುತ್ತ ಮೂವರು ಪೆನ್ಸಿಲು ಹಿಡಿದು ಕೂತಿದ್ದರು.

"ಯಾಕೆ ಭಾವ, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?" ಎಂದ ಹೆಂಡತಿಯ ತಮ್ಮ.

ಅತ್ತಿಗೆ, ಅಂದರೆ ಹೆಂಡತಿಯ ಅಕ್ಕ, ಭೂಗೋಳದ ಟೀಚರು. ಆಟ ನಡೆಸುವವರೂ ಅವರೇ. ಕಥೆ ಅವರು ಹೇಳುತ್ತಾರೆ. ಅದರೊಳಗೆ ನಾವು ಒಬ್ಬೊಬ್ಬ ಪಾತ್ರವಾಗಿ ಏನು ಮಾಡುತ್ತೇವೆಂದು ಹೇಳಬೇಕು. ಅದು ನಡೆಯಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಶತ್ರುಗಳ ದಾಳವನ್ನು ಅತ್ತಿಗೆ ನಿಲ್ಲಿಸಿಟ್ಟ ದೊಡ್ಡ ಅಟ್ಲಾಸಿನ ಹಿಂದೆ ಉರುಳಿಸುತ್ತಾರೆ. ಗುಟ್ಟಾಗಿ ಏನಾದರೂ ಮಾಡಬೇಕಿದ್ದರೆ ಚೀಟಿ ಬರೆದು ಅವರ ಕೈಗೆ ಕೊಡಬೇಕು.

ಭಾವಮೈದುನನದು ನೆತ್ತಿಯಿಂದ ಹಿಮ್ಮಡಿಯವರೆಗೆ ಕಬ್ಬಿಣ ತೊಟ್ಟ ಕೊಡಲಿವೀರ. ಹೆಂಡತಿಯದು ಗಾಯ ವಾಸಿ ಮಾಡುವ ಮದ್ದಿನಮ್ಮ. ನನ್ನ ಸರದಿ ಬಂದಾಗ ಎದೆ ಸೆಟೆಸಿ ಘೋಷಿಸಿದೆ: "ನಾನು ಖಡ್ಗಗುರು. ಕವಚ ತೊಡುವುದಿಲ್ಲ. ನನ್ನ ಚುರುಕೇ ನನ್ನ ಕವಚ."

"ಒಂದು ಚರ್ಮದ ಅಂಗಿನಾದ್ರೂ ಹಾಕ್ಕೊಳ್ಳಿ" ಎಂದರು ಅತ್ತಿಗೆ.

"ಹೇಡಿಗಳಿಗೆ ಬೇಕು ಅದು, ಅತ್ತಿಗೆ."

ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಉಗ್ರಾಣದಲ್ಲಿ ಕೂತು, ಹೆಲ್ಮೆಟ್ಟಿಲ್ಲದವರನ್ನು, ಕೈಗವಸಿಲ್ಲದವರನ್ನು ಯಂತ್ರದ ಹತ್ತಿರ ಬಿಡದಿರುವುದೇ ನನ್ನ ಸಂಬಳದ ಕೆಲಸ. ವಾರಕ್ಕೆ ಆರು ದಿನ ಅನ್ಯರ ತಲೆ ಕಾಯುವವನು ಏಳನೆಯ ದಿನ ತನ್ನ ತಲೆಯ ಹಂಗು ಹರಿದುಕೊಂಡ ಎಂದಿಟ್ಟುಕೊಳ್ಳಿ.

ಹನ್ನೊಂದು ಭಾನುವಾರ ನನಗೆ ಒಂದು ಗೀರೂ ಬೀಳಲಿಲ್ಲ. ಅಟ್ಲಾಸಿನ ಹಿಂದೆ ದಾಳ ಉರುಳುತ್ತಿತ್ತು, ಅತ್ತಿಗೆ ಹುಬ್ಬು ಗಂಟಿಕ್ಕಿ, "ತಪ್ಪಿತು" ಎನ್ನುತ್ತಿದ್ದರು. ಕೊಡಲಿವೀರ ಕಬ್ಬಿಣದೊಳಗೇ ಜಜ್ಜಿಹೋಗುತ್ತಿದ್ದ. ನಾನು ಬರಿಮೈಯಲ್ಲಿ ನಗುತ್ತಿದ್ದೆ. ನನ್ನ ಕೀರ್ತಿ ಕಾರ್ಖಾನೆಯ ಚಹಾ ವೇಳೆಗೂ ಹಬ್ಬಿತು, ಹಬ್ಬಿಸಿದವನು ನಾನೇ. ಈ ನಡುವೆ ಹೆಂಡತಿ ಅಕ್ಕನಿಗೆ ಚೀಟಿ ದಾಟಿಸುತ್ತಲೇ ಇದ್ದಳು. ಅಕ್ಕತಂಗಿಯರ ಸೀರೆ, ಸೋಪಿನ ವಿಚಾರವೆಂದು ನಾನು ತಲೆ ಹಾಕಲಿಲ್ಲ.

ಹೆಂಡತಿ ನಿಜದಲ್ಲಿ ಆಸ್ಪತ್ರೆಯ ತೀವ್ರ ನಿಗಾ ವಾರ್ಡಿನ ನರ್ಸು. ಹನ್ನೆರಡನೆಯ ಭಾನುವಾರದ ಹಿಂದಿನ ವಾರ ಅವಳ ವಾರ್ಡಿನಲ್ಲಿ ಮೂರು ಹಾಸಿಗೆ ಖಾಲಿಯಾಗಿದ್ದವು. ಯಾರೂ ಗುಣವಾಗಿ ಮನೆಗೆ ಹೋದದ್ದಲ್ಲ. ಆಟದಲ್ಲಿ ತನ್ನ ಮದ್ದಿನಮ್ಮನ ವಿವರ ಬರೆದಿಟ್ಟ ಹಾಳೆಯ ಮೂಲೆಯಲ್ಲಿ ಅವಳು 'ಕೈ ಮೀರಿದವರು', ಅಂದರೆ ಉಳಿಸಲಾಗದೆ ಹೋದವರು, ಎಂದು ಬರೆದು ಮುಂದೆ ಒಂದು ಸೊನ್ನೆ ಹಾಕಿಕೊಂಡಿದ್ದಳು. ನಾನು ಸೇರುವ ಮೊದಲಿನಿಂದಲೂ ಅವರು ಆಡುತ್ತಿದ್ದ ಮೂರು ವರ್ಷದ ಆಟದಲ್ಲಿ ಅದು ಒಂದೂ ಆಗಿರಲಿಲ್ಲ. ಒಮ್ಮೆ ಭಾವಮೈದುನ ತಮಾಷೆಗೆ ಅದನ್ನು ತಿದ್ದಿ ಒಂದು ಮಾಡಿದ್ದಕ್ಕೆ ಎರಡು ವಾರ ಅವನ ಜೊತೆ ಮಾತು ಬಿಟ್ಟಿದ್ದಳು.

ಅವತ್ತು ನದಿ ದಾಟುವ ಮೊದಲೇ ಕೊಡಲಿವೀರನಿಗೆ ವಿಷದ ಬಾಣ ತಗುಲಿ, ಅವಳ ಮದ್ದು, ಮಂತ್ರವೆಲ್ಲ ಅವನಿಗೇ ಖರ್ಚಾಗಿತ್ತು. ಮುಂದೆ ಹಗ್ಗದ ಸೇತುವೆ. ಅದರ ತುದಿಯಲ್ಲಿ ಭರ್ಜಿ ಹಿಡಿದ ಕಾವಲುಗಾರ, ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದ.

"ಸದ್ದು ಮಾಡ್ದೆ ದಾಟಿಬಿಡೋಣ. ನನ್ ಹತ್ರ ಇವತ್ತು ಏನೂ ಉಳ್ದಿಲ್ಲ" ಎಂದಳು ಹೆಂಡತಿ. ರಾತ್ರಿ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದಳು, ಕಣ್ಣಿನ ಕೆಳಗೆ ಮಸಿ ಬಳಿದಂತಿತ್ತು.

ನಾನು ಗಂಟಲು ಸರಿಮಾಡಿಕೊಂಡೆ. "ಖಡ್ಗಗುರು ನಿದ್ದೆಯಲ್ಲಿರುವವನ ಪಕ್ಕದಿಂದ ಕಳ್ಳನಂತೆ ನುಸುಳುವುದಿಲ್ಲ. ಅವನನ್ನು ಎಬ್ಬಿಸಿ ಯುದ್ಧಕ್ಕೆ ಕರೆಯುತ್ತೇನೆ."

"ಎಬ್ಬಿಸ್ತೀರಾ?" ಅತ್ತಿಗೆ ಎರಡು ಸಲ ಕೇಳಿದರು.

"ಕೈ ಮುಗೀತೀನಿ ಭಾವ, ಅವನು ಮಲಗ್ಲಿ" ಎಂದ ಭಾವಮೈದುನ.

"ಭುಜ ತಟ್ಟಿ ಎಬ್ಬಿಸ್ತೀನಿ" ಎಂದೆ.

ಎದ್ದ. ನನ್ನ ಕತ್ತಿ ಗಾಳಿಯನ್ನು ಸೊಗಸಾಗಿ ಕತ್ತರಿಸಿತು. ಅಟ್ಲಾಸಿನ ಹಿಂದೆ ದಾಳ ಉರುಳಿತು. ಅತ್ತಿಗೆ ಈ ಸಲ ಹುಬ್ಬು ಗಂಟಿಕ್ಕಲಿಲ್ಲ. "ಭರ್ಜಿ ಎದೆಗೇ ನಾಟಿತು. ಇಪ್ಪತ್ತೆಂಟು ಅಂಕದ ಪೆಟ್ಟು. ನಿಮ್ಮ ಪ್ರಾಣ ಇರೋದೇ ಹತ್ತೊಂಬತ್ತು."

"ತಪ್ಪಬೇಕಿತ್ತಲ್ಲ, ಅತ್ತಿಗೆ?"

ಹೆಂಡತಿ ಒಂದು ಚೀಟಿ ಹರಿದು ಏನೋ ಬರೆದು ತಳ್ಳಿದಳು. ಅತ್ತಿಗೆ ಓದಿ ತಂಗಿಯ ಮುಖ ನೋಡಿದರು.

"ನಿಜವಾಗ್ಲೂ?"

"ಹ್ಞೂ. ಬೇಗ ಹೇಳು."

"ಮದ್ದಿನಮ್ಮ ಉಳಿದಿದ್ದ ತನ್ನ ಉಸಿರನ್ನೇ ಖಡ್ಗಗುರುವಿಗೆ ಊದಿದಳು. ಗಾಯ ಮುಚ್ಚಿತು. ಅವಳು ಹಲಗೆಯ ಮೇಲೆ ಕುಸಿದಳು. ಮತ್ತೆ ಏಳಲಿಲ್ಲ."

ಭಾವಮೈದುನ ಪೆನ್ಸಿಲು ಕೆಳಗಿಟ್ಟ. ಅತ್ತಿಗೆ ಅಟ್ಲಾಸನ್ನು ನನ್ನ ಕಡೆ ತಿರುಗಿಸಿ ಬಿಚ್ಚಿದರು. ಪುಟಪುಟದ ನಡುವೆ ಚೀಟಿಗಳು. ಮರುಭೂಮಿಗಳಲ್ಲಿ ನಾಲ್ಕು, ಸಾಗರಗಳಲ್ಲಿ ಏಳು, ಒಟ್ಟು ಹನ್ನೊಂದು ಭಾನುವಾರದವು. ಎಲ್ಲದರಲ್ಲೂ ಹೆಂಡತಿಯ ಕೈಬರಹದಲ್ಲಿ ಒಂದೇ ಮಾತು: 'ನನ್ನ ರಕ್ಷಾಮಂತ್ರ ಇವತ್ತೂ ಅವನಿಗೆ.'

"ದಾಳದಲ್ಲಿ ನಿಮಗೆ ಪ್ರತಿ ಸಲಾನೂ ಪೆಟ್ಟು ಬಿದ್ದಿತ್ತು" ಎಂದರು ಅತ್ತಿಗೆ. "ನಿಮ್ಮ ಚುರುಕಿಗೆ ಬೇಜಾರಾಗ್ಬಾರ್ದು ಅಂತ ಇವಳೇ ಹೇಳ್ಬೇಡ ಅಂದಿದ್ಲು."

ಕವಚವಿಲ್ಲದ ಮಹಾವೀರನಾದ ನಾನು ಅಷ್ಟೂ ದಿನ ಮೈತುಂಬ ಹೆಂಡತಿಯನ್ನೇ ತೊಟ್ಟುಕೊಂಡು ಮೆರೆದಿದ್ದೆ.

ಅವಳು ಮೂರು ವರ್ಷದ ಹಾಳೆಯನ್ನು ನಾಲ್ಕಾಗಿ ಮಡಿಸಿ ಯೂನಿಫಾರ್ಮಿನ ಜೇಬಿಗೆ ಹಾಕಿಕೊಂಡಳು. ಮಡಿಸುವ ಮೊದಲು ನೋಡಿದೆ. ಮೂಲೆಯಲ್ಲಿ ಸೊನ್ನೆ ಹಾಗೆಯೇ ಇತ್ತು.

ಬಸ್ ನಿಲ್ದಾಣದ ಬೆಂಚಿನಲ್ಲಿ ಇಬ್ಬರೂ ಕೂತೆವು. ಎರಡು ಬಸ್ಸು ಬಿಟ್ಟೆವು. ಕೊನೆಗೆ ಕೇಳಬಾರದ್ದನ್ನು ಕೇಳಿಯೇ ಬಿಟ್ಟೆ.

"ಅಷ್ಟೂ ವಾರ ನನಗೇ ಕೊಟ್ಯಲ್ಲ, ಇವತ್ತು ಉಸಿರೂ ಕೊಟ್ಟೆ. ನನ್ ಮೇಲಿನ ಪ್ರೀತಿಗೆ ತಾನೆ?"

ಅವಳು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದಳು.

"ಅಲ್ಲ. ಆಟದಲ್ಲಾದ್ರೂ ನನ್ ಕೈಯಲ್ಲಿ ಯಾರೂ ಸಾಯ್ಬಾರ್ದಿತ್ತು. ನಿನ್ ಜಾಗದಲ್ಲಿ ಕತ್ತೆ ನಿಂತಿದ್ರೂ ಕೊಡ್ತಿದ್ದೆ. ಕತ್ತೆ ಆಗಿದ್ರೆ ಆ ಕಾವಲುಗಾರನನ್ನ ಎಬ್ಬಿಸ್ತಿರ್ಲಿಲ್ಲ."