ಮಾವನ ಭೂಕಂಪ, ಅತ್ತೆಯ ರೊಟ್ಟಿ

ನಮ್ಮ ಸೋದರಮಾವನಿಗೆ ಭೂಮಿಯ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ! ಮನುಷ್ಯರನ್ನು ನಂಬದವರು ಊರಿಗೆ ನೂರು ಮಂದಿ ಸಿಗುತ್ತಾರೆ. ಆದರೆ ಕಾಲ ಕೆಳಗಿನ ನೆಲವನ್ನೇ ಅನುಮಾನಿಸುವವರನ್ನು ನೀವು ಕಂಡಿದ್ದೀರಾ? ಅಂಥವರ ಮನೆಯಲ್ಲಿ ಉಂಡು ನಾನು ಕಾಲೇಜು ಓದಿದ್ದೇನೆ.

ಎಪ್ಪತ್ತರ ದಶಕದ ಮಾತು. ಮಾನ್ವಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಮಾವ ರಾಯಚೂರಿಗೆ ವರ್ಗವಾಗಿ ಬಂದಿದ್ದರು. ಕಾಲೇಜು ಓದಲೆಂದು ಅಪ್ಪ ದೇವದುರ್ಗದಿಂದ ನನ್ನನ್ನು ಅವರ ಮನೆಗೆ ಕಳಿಸಿದರು. ಹೋದ ದಿನವೇ ಊಟಕ್ಕೆ ಕೂತಾಗ ಮಾವ ಎರಡು ಬಿಸಿ ರೊಟ್ಟಿಗಳನ್ನು ಎದುರುಬದುರು ಇಟ್ಟು ಒತ್ತಿದರು. ಅಂಚುಗಳು ಮಡಚಿಕೊಂಡು ಮೇಲೆದ್ದವು.

"ಅಳಿಯಾ, ಇದು ಹಿಮಾಲಯ. ನಮ್ಮ ನೆಲ ಉತ್ತರದ ನೆಲಕ್ಕ ಹಿಂಗ ಒತ್ತಾಕತ್ತದ."

ಆಮೇಲೆ ಡಬ್ಬಿಯಿಂದ ಖಡಕ್ ರೊಟ್ಟಿ ತೆಗೆದು ಒತ್ತತೊಡಗಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಇನ್ನೂ ಒತ್ತಿದರು. ಫಟ್ಟನೆ ಒಡೆದು ಒಂದು ಚೂರು ಹಾರಿ ನನ್ನ ಸಾರಿನಲ್ಲಿ ಬಿತ್ತು!

"ಇದು ಭೂಕಂಪ. ಬಿರುಸು ಕಲ್ಲು ಬಾಗಂಗಿಲ್ಲ. ತಡಕೊಂಡು ತಡಕೊಂಡು ಒಮ್ಮಿಗೇ ಮುರೀತದ."

"ನಿಮ್ಮ ಹಿಮಾಲಯ ಆರಾಕತ್ತದ. ಮೊದಲ ತಿನ್ರಿ" ಎಂದರು ಅತ್ತೆ.

ನಾವು ನಿಂತ ನೆಲ ಉಗುರು ಬೆಳೆಯುವ ವೇಗದಲ್ಲಿ ಉತ್ತರಕ್ಕೆ ಸರಿಯುತ್ತಿದೆ ಎಂದು ಮಾವ ವಿವರಿಸಿದಾಗಲೂ ಅತ್ತೆ ಬೆರಗಾಗಲಿಲ್ಲ. "ಹಂಗಾರ ನಮ್ಮ ಮಾನ್ವಿ ಬಸ್ಸಿಗಿಂತ ಜೋರ ಅದ ಅನ್ರಿ!"

ಮಾವನ ಭೂಕಂಪ ಯಂತ್ರವೆಂದರೆ ಕಿಟಕಿಯಲ್ಲಿಟ್ಟ ಹಿತ್ತಾಳೆ ಲೋಟ, ಅದರ ತುಂಬ ನೀರು. ನೀರು ನಡುಗಿದರೆ ಎಲ್ಲರೂ ಅಂಗಳದ ನಡುವೆ ಬಂದು ನಿಲ್ಲಬೇಕು. ಮನೆ ಇದ್ದದ್ದೋ ರೈಲ್ವೆ ಸ್ಟೇಷನ್ನಿನ ಹಿಂದೆ! ಗೂಡ್ಸ್ ಗಾಡಿ ಬಂದಾಗಲೆಲ್ಲ "ಹೊರಗ! ಹೊರಗ!" ಎಂದು ಮಾವ ಕೂಗುತ್ತಿದ್ದರು. ಮುಖದ ಮೇಲೆ ಸೋಪಿನ ನೊರೆ ಹೊತ್ತು ನಾನು ಓಡಿ ಬಂದದ್ದುಂಟು. ರೈಲು ಅಂತ ಗೊತ್ತಿದ್ದೂ ಯಾಕೆ ಓಡಬೇಕು ಎಂದರೆ, "ರೂಢಿ ಆಗಬೇಕಲ್ಲೋ" ಎನ್ನುವರು. ಎದುರಿನ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಮಾಲರಿಗೆ ಇದರಿಂದ ಬಹಳ ಅನುಕೂಲವಾಗಿತ್ತು. "ಮಾಸ್ತರ್ರ, ಇವತ್ತು ನೀವು ಇನ್ನೂ ಓಡಿ ಬಂದಿಲ್ಲ. ಗಾಡಿ ಲೇಟ್ ಅದೇನ್ರಿ?"

ಆದರೆ ಅತ್ತೆ ಮಾತ್ರ ಒಮ್ಮೆಯೂ ಹೊರಗೆ ಬರಲಿಲ್ಲ. "ಹಂಚಿನ ಮ್ಯಾಲ ರೊಟ್ಟಿ ಅದ, ತಿರುವಿ ಹಾಕಿ ಬರ್ತೀನಿ" ಎಂದು ಅಲ್ಲೇ ಕೂತಿರುತ್ತಿದ್ದರು. ಒಂದು ದಿನ ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು, ತಲೆಯ ಮೇಲಿನ ಕಲ್ಲು ಚಪ್ಪಡಿಗಳನ್ನು ನೋಡಿದರು. ಅವರ ದನಿ ಇಳಿದಿತ್ತು.

"ನಿಜವಾಗಿ ನಡುಗಿದ ದಿನಾನೂ ನೀ ಹಿಂಗ ಕುಂತ್ರ, ನಾ ಒಬ್ಬನೇ ಅಂಗಳದಾಗ ನಿಂತು ಏನ್ ಮಾಡಲಿ?"

"ಸೀದ ರೊಟ್ಟಿ ಹಾಕಿದ್ರ ತಿಂತೀರೇನು?" ಎಂದು ಅತ್ತೆ ಮುಖ ತಿರುಗಿಸಿದರು. ನನಗೆ ನಗು ಬರಲಿಲ್ಲ. ಮಾವನ ಹೆದರಿಕೆ ಭೂಮಿಯದಲ್ಲ ಎಂದು ಅಂದು ಗೊತ್ತಾಯಿತು.

ಎಂಬತ್ತರ ದಶಕದ ಕೊನೆಗೆ ಅವರನ್ನು ನೋಡಲು ಹೋಗಿದ್ದೆ. ಮಾವ ಸೊರಗಿದ್ದರು. ನರದ ಕಾಯಿಲೆ, ಕೈಗಳು ಸದಾ ನಡುಗುತ್ತಿದ್ದವು. ನೆನಪೂ ಮಸುಕಾಗಿತ್ತು. ಅತ್ತೆ ಒಲೆಯ ಮುಂದೆ ಕೂತು ರೊಟ್ಟಿ ಬೇಯಿಸುತ್ತಿದ್ದರು. ಮಾವ ಕುಡಿಯಲು ಎತ್ತಿದ ಲೋಟದಿಂದ ನೀರು ತುಳುಕಿ ಧೋತರದ ಮೇಲೆ ಬಿತ್ತು. ಅವರು ಆ ನೀರನ್ನೇ ದಿಟ್ಟಿಸಿದರು.

"ನಡಗಾಕತ್ತದ... ಹೊರಗ! ಹೊರಗ!"

ಯಾವ ಗಾಡಿಯೂ ಬಂದಿರಲಿಲ್ಲ. ಕಿಟಕಿಯ ಲೋಟದಲ್ಲಿ ನೀರು ಅಲುಗದೆ ನಿಂತಿತ್ತು. "ಇಲ್ಲ ಮಾವ, ಅದು ನಿಮ್ಮ..." ಎಂದು ಬಾಯಿ ತೆರೆದೆ. ಅತ್ತೆ ಕಣ್ಣಿನಲ್ಲೇ ನನ್ನನ್ನು ಗದರಿಸಿ, ರೊಟ್ಟಿಯನ್ನು ಹಂಚಿನ ಮೇಲೆ ಹಾಗೆಯೇ ಬಿಟ್ಟು ಎದ್ದರು.

"ಹೌದ್ರಿ, ನಡಗಾಕತ್ತದ. ಬರ್ರಿ, ಹೋಗೋಣು."

ಹಿಟ್ಟು ಮೆತ್ತಿದ ಕೈಯಲ್ಲಿ ಮಾವನ ಕೈ ಹಿಡಿದು ಅಂಗಳದ ನಡುವೆ ಕರೆತಂದರು. ಮಾವ ಪಕ್ಕಕ್ಕೆ ತಿರುಗಿ ನೋಡಿದರು.

"ಬಂದೀ?"

"ಬಂದೀನ್ರಿ."

ಒಳಗಿನಿಂದ ರೊಟ್ಟಿ ಸೀದ ವಾಸನೆ ಬಂತು. ಅತ್ತೆ ಆ ಕೈ ಬಿಡಲಿಲ್ಲ.